ನುಣ್ಣಗಿನ ಬೆಟ್ಟಕ್ಕೆ ಸೈಕಲ್ ದಾರಿ

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ನಮ್ಮ ಕಡೆ ಹೆಚ್ಚಾಗಿ ಬಳಸುವುದು ಹೊರಟು ನಿಂತವರನ್ನು ತಡೆಯುವುದಕ್ಕೆ. ಮುಂಬಯಿಗೆ ಹೋಗುತ್ತೇನೆಂದ ಹುಡುಗನಿಗೆ, ದುಬೈ ವೀಸಾ ಬಂತೆಂದು ಹಿಗ್ಗಿದ ಅಳಿಯನಿಗೆ, ಇದ್ದ ಕೆಲಸ ಬಿಟ್ಟು ಬೇರೆ ಹಿಡಿಯುತ್ತೇನೆಂದ ಮಗಳಿಗೆ ಇದನ್ನು ಹೇಳುತ್ತಾರೆ. ಹೇಳುವವರು ಸಾಮಾನ್ಯವಾಗಿ ಜಗಲಿಯಲ್ಲಿ ಕೂತಿರುತ್ತಾರೆ. ಸಂಸ್ಕೃತದಲ್ಲೂ ಇದೇ ಅರ್ಥದ ಮಾತಿದೆ. ಹಿಂದಿಯವರು ಬೆಟ್ಟವನ್ನು ಬಿಟ್ಟು ಡೋಲನ್ನು ಹಿಡಿದರು, ದೂರದಿಂದ ಕೇಳಿದರೆ ಅದು ಇಂಪು ಎಂದರು. ಗಾದೆ ಕೇಳಿ ಯಾರಾದರೂ ಮನೆಯಲ್ಲೇ ಉಳಿದದ್ದುಂಟೋ? ಉಳಿದಿದ್ದರೆ ಮುಂಬಯಿಯಲ್ಲಿ ಅಷ್ಟೊಂದು ಉಡುಪಿ ಹೋಟೆಲುಗಳು ಏಳುತ್ತಿರಲಿಲ್ಲ.

ಗಾದೆಯಲ್ಲಿ ಇರುವುದು ಮೂರೇ ಪದ. ಹತ್ತಿರ ಹೋದರೆ ಕಲ್ಲು ಮುಳ್ಳು ಎಂಬುದನ್ನು ಅದು ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ತುಂಬಿಕೊಳ್ಳುತ್ತೇವೆ. ಆದ್ದರಿಂದ ಹೋಗಬೇಡ ಎಂಬುದಂತೂ ಪೂರ್ತಿ ನಮ್ಮ ಸೇರ್ಪಡೆ. ಗಾದೆ ಹೇಳಿದ್ದೆಷ್ಟು, ನಾವು ಅಂಟಿಸಿದ್ದೆಷ್ಟು ಎಂದು ಬಿಡಿಸಿ ನೋಡಬೇಕಾದರೆ ದೂರವು ಮೆಲ್ಲಮೆಲ್ಲನೆ ಹತ್ತಿರವಾಗುವಂಥ ಒಂದು ವಾಹನ ಬೇಕು. ಬಸ್ಸಿನಲ್ಲಿ ಕೂತವನಿಗೆ ಬೆಟ್ಟ ದೂರದಲ್ಲಿರುತ್ತದೆ. ಒಂದು ತೂಕಡಿಕೆ ಮುಗಿಸಿ ಕಣ್ಣು ಬಿಟ್ಟರೆ ಕಿಟಕಿಯಲ್ಲೇ ಇರುತ್ತದೆ. ನಡುವಿನದ್ದು ಅವನಿಗೆ ಸಿಗುವುದಿಲ್ಲ. ಸೈಕಲ್ಲಿಗೆ ಸಿಗುತ್ತದೆ.

ನಮ್ಮ ಲಾಯಿಲಕ್ಕೆ ಬೆಟ್ಟ ದೂರದ್ದಲ್ಲ. ಬೆಳ್ತಂಗಡಿ ಪೇಟೆಗೆ ತಾಗಿಕೊಂಡೇ ಇರುವ ಊರು. ಮಂಗಳೂರಿನಿಂದ ಚಾರ್ಮಾಡಿ ಘಾಟಿಗೆ ಏರುವ ರಾಷ್ಟ್ರೀಯ ಹೆದ್ದಾರಿ 73 ನಡುವಿನಲ್ಲೇ ಹಾದುಹೋಗುತ್ತದೆ. ಕಿಲ್ಲೂರು ರಸ್ತೆ ಹಿಡಿದರೆ ಗಡಾಯಿಕಲ್ಲು ಎದುರಿಗೇ ನಿಲ್ಲುತ್ತದೆ. ಹಳೆಯ ಹೆಸರು ನರಸಿಂಹಗಡ. 1794ರಲ್ಲಿ ಟಿಪ್ಪು ಅದರ ಮೇಲೆ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದ. ಸುಮಾರು 1,700 ಅಡಿ ಎತ್ತರದ ಒಂಟಿ ಕರಿಬಂಡೆ ಅದು. ಗಾದೆ ಕಟ್ಟಿದವರು ಇದನ್ನು ನೋಡಿರಲಿಕ್ಕಿಲ್ಲ. ಏಕೆಂದರೆ ಗಡಾಯಿಕಲ್ಲು ದೂರದಿಂದಲೂ ನುಣ್ಣಗೆ, ಹತ್ತಿರದಿಂದಲೂ ನುಣ್ಣಗೆ. ಮಳೆಗಾಲದಲ್ಲಿ ಪಾಚಿ ಹಿಡಿದ ಆ ನುಣುಪಿಗೆ ಹೆದರಿಯೇ ಅರಣ್ಯ ಇಲಾಖೆ ಹತ್ತಲು ಬಿಡುವುದಿಲ್ಲ. ಅದರಾಚೆಗೆ ಕುದುರೆಮುಖದ ಸಾಲು. ಅದು ಎಷ್ಟು ಹತ್ತಿರ ಎಂಬುದು 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆಯ ಹೊಳೆಗಳು ಮರಗಳನ್ನು ಬುಡಸಮೇತ ಹೊತ್ತು ತಂದು ತೋಟಗಳಲ್ಲಿ ಇಳಿಸಿದಾಗ ಎಲ್ಲರಿಗೂ ಗೊತ್ತಾಯಿತು.

ಹಾಗಾಗಿ ಇಲ್ಲಿಯವರಿಗೆ ದೂರದ ನುಣುಪು ಎಂದರೆ ಕಡಲು. ಅರವತ್ತು ಕಿಲೋಮೀಟರ್ ಆಸುಪಾಸು. ಇಲ್ಲಿನ ತೊರೆಗಳೆಲ್ಲ ಸೋಮಾವತಿಗೆ, ಸೋಮಾವತಿ ನೇತ್ರಾವತಿಗೆ, ನೇತ್ರಾವತಿ ಕಡಲಿಗೆ. ನೀರು ಇಳಿದುಕೊಂಡೇ ಹೋಗುತ್ತದಾದ್ದರಿಂದ ಸೈಕಲ್ಲೂ ಹಾಗೇ ಇಳಿದೀತು ಎಂದು ನಂಬಿ ಹೊರಡುವವರಿದ್ದಾರೆ.

ಹಿಂದೆ ಕಡಲು ತಾನೇ ಸೈಕಲ್ ಹತ್ತಿ ಇಲ್ಲಿಗೆ ಬರುತ್ತಿತ್ತು. ಮಂಗಳೂರು ದಕ್ಕೆಯ ಮೀನು ಬಸ್ಸಿನಲ್ಲೋ ಲಾರಿಯಲ್ಲೋ ಪೇಟೆಗೆ ಬಂದಿಳಿದರೆ, ಅಲ್ಲಿಂದ ಹಳ್ಳಿಗಳ ಒಳದಾರಿಗೆ ಒಯ್ಯುತ್ತಿದ್ದವರು ಸೈಕಲ್ಲಿನವರು. ಹಿಂದಿನ ಕ್ಯಾರಿಯರಿನಲ್ಲಿ ಬುಟ್ಟಿ, ಹ್ಯಾಂಡಲಿನಲ್ಲಿ ರಬ್ಬರ್ ಉಂಡೆಯ ಹಾರ್ನ್. ಆ ‘ಪೋಂ ಪೋಂ’ ಕೇಳಿದರೆ ಬೆಕ್ಕುಗಳು ಮನುಷ್ಯರಿಗಿಂತ ಮೊದಲು ಗೇಟಿನಲ್ಲಿರುತ್ತಿದ್ದವು. ಬಂಗುಡೆ, ಬೂತಾಯಿ ಮುಗಿಯುವ ತನಕ ಅವರು ಎಷ್ಟು ಏರು ತಳ್ಳಿದರೋ, ಎಷ್ಟು ಇಳುಕಲಿನಲ್ಲಿ ಬ್ರೇಕ್ ಕಟ್ಟೆ ಸವೆಸಿದರೋ ಯಾರೂ ಲೆಕ್ಕ ಇಟ್ಟಿಲ್ಲ. ಎಂ-80 ಮೋಟಾರು ಗಾಡಿ ಬಂದ ಮೇಲೆ ಸೈಕಲ್ ಕೊಟ್ಟಿಗೆ ಸೇರಿತು. ಇವತ್ತು ಹೆಲ್ಮೆಟ್ಟು, ಬಣ್ಣದ ಅಂಗಿ ಹಾಕಿಕೊಂಡು ‘ಕರಾವಳಿ ಸೈಕಲ್ ಯಾನ’ ಹೊರಡುವವರು ಸಾಹಸ ಎಂದು ಕರೆಯುವುದನ್ನು ಆ ಜನ ವ್ಯಾಪಾರ ಎಂದು ಕರೆದು, ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದರು.

ಏರಿನಲ್ಲಿ ಸೈಕಲ್ ತಳ್ಳಬೇಕಾಗುವುದು ಹಲ್ಲಿನ ಲೆಕ್ಕದಿಂದ. ಹಳೆಯ ಅಟ್ಲಾಸ್, ಹೀರೋ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಪೆಡಲು ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಬಯಲಿನಲ್ಲಿ ಇದು ಸುಖ. ಆದರೆ ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಅದೇ ಒಂದು ಸುತ್ತಿಗೆ ಸವಾರ, ಸೈಕಲ್, ಸಾಮಾನು ಮೂರನ್ನೂ 44 ಸೆಂಟಿಮೀಟರ್ ಮೇಲಕ್ಕೆತ್ತಬೇಕು. ಗೇರಿನ ಸೈಕಲ್ಲಿನಲ್ಲಿ ಮುಂದೆ 28, ಹಿಂದೆ 32 ಹಲ್ಲಿಗೆ ಚೈನು ಹಾಕಿಕೊಂಡರೆ ಒಂದು ಸುತ್ತಿಗೆ ಏರುವುದು 15 ಸೆಂಟಿಮೀಟರ್. ಒಟ್ಟು ದುಡಿಮೆ ಅಷ್ಟೇ. ಕಂತು ಮಾತ್ರ ಸಣ್ಣದು. 2006-07ರಿಂದ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಾಗ ಬಯಲುಸೀಮೆಯಲ್ಲಿ ಅವು ಓಡಿದವು. ಘಟ್ಟದ ಬುಡದಲ್ಲಿ ಶಾಲೆಗೆ ಹೋಗುವಾಗ ತಳ್ಳಿ, ಬರುವಾಗ ಬಿಟ್ಟುಕೊಂಡು ಬರುವ ವಾಹನವಾದವು. ನಕ್ಷೆ ನೋಡಿ ಕರಾವಳಿ ಎಂದರೆ ಚಪ್ಪಟೆ ಎಂದುಕೊಂಡವರಿಗೆ ಈ ಜಿಲ್ಲೆಯ ಗುಟ್ಟು ಗೊತ್ತಿಲ್ಲ. ಇಲ್ಲಿನ ನೆಲ ಮುರಕಲ್ಲಿನ ದಿಬ್ಬಗಳ ಸಾಲು. ದಿಬ್ಬದ ತಲೆಯ ಮೇಲೆ ಗೇರುಬೀಜದ ಗುಡ್ಡೆ, ಬುಡದಲ್ಲಿ ಗದ್ದೆ, ಅಡಿಕೆ ತೋಟ, ತೋಡು. ರಸ್ತೆ ಒಂದು ದಿಬ್ಬ ಇಳಿದು ಸಂಕ ದಾಟಿ ಮತ್ತೊಂದನ್ನು ಹತ್ತುತ್ತದೆ. ಘಟ್ಟ ಒಂದೇ ಸಲ ಕೇಳುವುದನ್ನು ಈ ದಿಬ್ಬಗಳು ಚಿಲ್ಲರೆಯಾಗಿ ವಸೂಲು ಮಾಡುತ್ತವೆ.

ಲಾಯಿಲದಿಂದ ಕಡಲಿಗೆ ಹೆದ್ದಾರಿಯಲ್ಲಿ ಬಂಟ್ವಾಳದ ಮೂಲಕ ಹೋಗಬಹುದು. ಲಾರಿಗಳ ಬಗಲಲ್ಲಿ ಹೋಗುವ ಆಸೆ ಇಲ್ಲದವರಿಗೆ ಗುರುವಾಯನಕೆರೆಯಲ್ಲಿ ಬಲಕ್ಕೆ ತಿರುಗಿ ವೇಣೂರು, ಮೂಡುಬಿದಿರೆ, ಮೂಲ್ಕಿ ದಾರಿ ವಾಸಿ. ಹೊಸ ದಾರಿಯೇನಲ್ಲ. 1801ರಲ್ಲಿ ಕಂಪೆನಿ ಸರಕಾರದ ಪರವಾಗಿ ನಾಡು ನೋಡಲು ಬಂದ ಫ್ರಾನ್ಸಿಸ್ ಬುಕಾನನ್ ಬಂಟ್ವಾಳ, ಬೆಳ್ತಂಗಡಿ, ಜಮಾಲಾಬಾದ್ ಕಂಡು, ವೇಣೂರು, ಮೂಡುಬಿದಿರೆ, ಕಾರ್ಕಳ ಹಾದು ಉಡುಪಿಗೆ ಇಳಿದು ಕರಾವಳಿ ಹಿಡಿದು ಉತ್ತರಕ್ಕೆ ಹೋದ. ಮಣ್ಣು, ಬೆಳೆ, ತೆರಿಗೆ ಅವನ ವಿಷಯಗಳು. ವೇಣೂರಿನಲ್ಲಿ 1604ರ ಗೊಮ್ಮಟ ನಿಂತಿದ್ದಾನೆ, 35 ಅಡಿ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ. ಕಂಬಗಳನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಒಂದರಂತೆ ಇನ್ನೊಂದಿಲ್ಲ. ದೂರದಿಂದ ಎಲ್ಲವೂ ಕಂಬವೇ. ಹತ್ತಿರ ಹೋದಾಗ ಕಾಣುವುದು ಕಲ್ಲು ಮುಳ್ಳು ಮಾತ್ರವಲ್ಲ ಎಂಬುದಕ್ಕೆ ಇಷ್ಟು ಸಾಕು. ಗಾದೆಯ ತಡೆಯುವ ಅರ್ಥ ನನ್ನ ಮಟ್ಟಿಗೆ ಇಲ್ಲೇ ಸಡಿಲವಾಗುತ್ತದೆ.

ದಾರಿಯಲ್ಲಿ ಗೋಳಿಬಜೆಗೆ ನಿಲ್ಲಿಸಿದರೆ ಹೋಟೆಲಿನವರು ಸೈಕಲ್ಲಿನ ಮೇಲಿನ ಗಂಟುಮೂಟೆ ನೋಡಿ, ‘ಎಂತ ಮಾರಾಯ್ರೆ, ಎಲ್ಲಿಗೆ ಇದ್ರಲ್ಲಿ?’ ಎಂದು ಕೇಳುತ್ತಾರೆ. ‘ಕಾರವಾರದ ತನಕ’ ಎಂದರೆ, ‘ಬಸ್ ಉಂಟಲ್ಲ!’ ಎನ್ನುತ್ತಾರೆ. ಅದಕ್ಕೆ ಸರಿಯಾದ ಉತ್ತರ ಇನ್ನೂ ಯಾರಿಗೂ ಹೊಳೆದಂತಿಲ್ಲ.

ಕಡಲ ತೀರ ತಲುಪಿದ ಮೇಲೆ ಏರು ತಗ್ಗುತ್ತದೆ, ಗಾಳಿ ಶುರುವಾಗುತ್ತದೆ. ಒಣ ತಿಂಗಳುಗಳಲ್ಲಿ ಬೆಳಗಿನ ಗಾಳಿ ನೆಲದಿಂದ ಕಡಲಿಗೆ. ಹೊತ್ತೇರಿ ನೆಲ ಕಾದಂತೆ ಅದು ತಿರುಗಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬೀಸುತ್ತದೆ. ಮಂಗಳೂರಿನಿಂದ ಕಾರವಾರಕ್ಕೆ ಹೋಗುವವನ ಮುಖಕ್ಕೇ. ಕಣ್ಣಿಗೆ ಕಾಣುವ ರಸ್ತೆ ಚಪ್ಪಟೆ, ಕಾಲಿಗೆ ಸಿಗುವುದು ಏರು. ಉಪ್ಪುಗಾಳಿ ಚೈನನ್ನೂ ತಿನ್ನುತ್ತದೆ. ಸಂಜೆ ಒರೆಸಿ ಎಣ್ಣೆ ಹಾಕದಿದ್ದರೆ ಬೆಳಗ್ಗೆ ತುಕ್ಕಿನ ಸದ್ದಿನಲ್ಲೇ ಹೊರಡಬೇಕು.

ನಿಜವಾದ ಪರೀಕ್ಷೆ ಅಳಿವೆಗಳದ್ದು. ನಮ್ಮ ರಾಜ್ಯದ ಕರಾವಳಿ ಸುಮಾರು 320 ಕಿಲೋಮೀಟರ್ ಎನ್ನುತ್ತಾರೆ. ಅದು ಸೈಕಲ್ಲಿನ ಅಳತೆಯಲ್ಲ. ಗಂಗೊಳ್ಳಿಯಲ್ಲಿ ನಿಂತರೆ ಕುಂದಾಪುರ ನೀರಿನಾಚೆ ಕೈಗೆ ಸಿಗುವಂತಿದೆ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡುವ ಪಂಚಗಂಗಾವಳಿ ಮಧ್ಯೆ ಇದೆ. ರಸ್ತೆಯಲ್ಲಿ ಹೋದರೆ ಹತ್ತು ಹದಿನೈದು ಕಿಲೋಮೀಟರ್ ಸುತ್ತು. ಕೋಡಿಬೆಂಗ್ರೆಯ ಮರಳಪಟ್ಟಿಯ ರಸ್ತೆ ಕೊನೆಯಾಗುವಲ್ಲಿ ಸ್ವರ್ಣಾ, ಸೀತಾ ನದಿಗಳ ಬಾಯಿ. ಬಾರ್ಜ್ ನಡೆಯುವ ದಿನಗಳಲ್ಲಿ ಸೈಕಲ್ ಸಮೇತ ಹಂಗಾರಕಟ್ಟೆಗೆ ದಾಟಬಹುದು, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ಅಘನಾಶಿನಿಯ ಬಾಯಲ್ಲಿ ತದಡಿಗೆ ದೋಣಿ. ಇಲ್ಲಿ ದೂರದ್ದು ನಯ, ಹತ್ತಿರದ್ದು ಒರಟು ಎಂಬ ಲೆಕ್ಕವೇ ಕೆಲಸ ಮಾಡುವುದಿಲ್ಲ. ಹತ್ತಿರ ಕಾಣುವುದೇ ದೂರ.

ದ್ವೀಪಗಳಲ್ಲಿ ಸೈಕಲ್ಲಿಗೆ ಒಗ್ಗುವವು ಹೊಳೆಯೊಳಗಿನ ಕುದ್ರುಗಳು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿಗೆ ಸೇತುವೆ ದಾಟಿ ಹೋದರೆ ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟದ ಊರು. ಕಡಲಿನ ದ್ವೀಪಗಳ ಮಾತು ಬೇರೆ. ಅಲ್ಲಿಗೆ ಸೈಕಲ್ಲನ್ನು ದಡದಲ್ಲಿ ಕಟ್ಟಿಟ್ಟೇ ಹೋಗಬೇಕು. ಮಲ್ಪೆಯ ಮರಳಿನಿಂದ ನೋಡಿದರೆ ಸೇಂಟ್ ಮೇರಿಸ್, ಊರವರ ತೋನ್ಸೆಪಾರ್, ತೆಂಗಿನ ಮರ ನೆಟ್ಟ ಒಂದು ಕಪ್ಪು ಗೆರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಹೆಸರಿಟ್ಟನೆಂಬ ಪ್ರತೀತಿ ಇದೆ. ದೋಣಿ ಹತ್ತಿರವಾದಂತೆ ಆ ಗೆರೆ ಬಿರಿದು ಕಂಬಗಳಾಗುತ್ತದೆ; ಐದು ಮುಖದವು, ಆರು ಮುಖದವು, ಜೇನುಹಲ್ಲೆಯ ಹಾಗೆ ಒಂದಕ್ಕೊಂದು ಅಂಟಿಕೊಂಡು ನಿಂತವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಈ ನೆಲದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾ ಆರುತ್ತ, ಕುಗ್ಗುತ್ತ, ಸೀಳುತ್ತ ಹೀಗಾಯಿತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕ ಬಂದದ್ದು ಆ ಒರಟಿಗೇ. ದೂರದ ಗೆರೆಗೆ ಯಾರೂ ಫಲಕ ಹಾಕುವುದಿಲ್ಲ. ಇನ್ನೂ ಉತ್ತರಕ್ಕೆ, ಮುರ್ಡೇಶ್ವರದಿಂದ ಕಾಣುವ ನೇತ್ರಾಣಿ ದೂರಕ್ಕೆ ನಯವಾದ ಒಂದು ಗುಡ್ಡ. ಹತ್ತಿರ ಹೋದರೆ ಕಾಲಿಡಲು ಮರಳೇ ಇಲ್ಲದ ಕಡಿದಾದ ಬಂಡೆ. ನೌಕಾಪಡೆ ಅದನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸಿಕೊಂಡಿತ್ತು. ಹವಳ ನೋಡಲು ನೀರಿಗೆ ಧುಮುಕುವವರಿಗೆ ಈಗ ಅದೇ ತಾಣ.

ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು. ಫೋಟೋ ತೆಗೆಯುವವರ ಗಡಿಬಿಡಿಯಲ್ಲಿ ಸೈಕಲ್ ಸವಾರ ಹುಷಾರಾಗಿರಬೇಕಾದ ಜಾಗ, ಅಷ್ಟೇ. ಕುಮಟಾ ದಾಟಿದ ಮೇಲೆ ಬೆಟ್ಟಗಳೇ ಕಡಲಿಗೆ ಬಂದು ನಿಲ್ಲುತ್ತವೆ. ಇಲ್ಲಿ ಗಾದೆ ಬೇರೆಯೇ ರೀತಿಯಲ್ಲಿ ಕಹಿಯಾಗುತ್ತದೆ. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದಾರೆ. ಕಾರಿನಿಂದ ನೋಡಿದರೆ ಕತ್ತಿಯಲ್ಲಿ ಕೊಯ್ದಂತೆ ನುಣ್ಣಗಿದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಅಂಥ ಒಂದು ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಯ ತನಕ ಹೋಯಿತು. ರಸ್ತೆ ಬದಿಯ ಚಹಾದಂಗಡಿ, ಅಲ್ಲಿ ನಿಂತಿದ್ದ ಜನ, ಲಾರಿ ಎಲ್ಲವೂ ಹೋದವು. ಸೈಕಲ್ಲಿನಲ್ಲಿ ಅದರಡಿ ಹೋಗುವವನಿಗೆ ಗೋಡೆಯಲ್ಲಿ ಒಸರುವ ನೀರು, ಉದುರಿದ ಮಣ್ಣು, ಬಾಯಿಬಿಟ್ಟ ಬಿರುಕು ಎಲ್ಲ ಕಾಣುತ್ತದೆ. ನುಣ್ಣಗೆ ಕಾಣಲು ದೂರವೇ ಬೇಕೆಂದಿಲ್ಲ, ವೇಗ ಇದ್ದರೂ ಸಾಕು.

ಇಷ್ಟು ಹೇಳಿದ ಮೇಲೂ ದೂರದ ನುಣುಪನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಕಾಪುವಿನ ದೀಪಸ್ತಂಭ ಎದ್ದದ್ದು 1901ರಲ್ಲಿ. ಅದಕ್ಕೆ ಹಿಂದಿನ ಶತಮಾನಗಳಲ್ಲಿ ಈ ತೀರಕ್ಕೆ ಬರುತ್ತಿದ್ದ ಹಾಯಿಹಡಗುಗಳಿಗೆ ಹಗಲಿನ ಗುರುತು ಘಟ್ಟದ ಶಿಖರಗಳೇ. 1,894 ಮೀಟರ್ ಎತ್ತರದ ಕುದುರೆಮುಖ ಅವುಗಳಲ್ಲಿ ಮುಖ್ಯವಾದದ್ದು. ಘಟ್ಟದ ಮೇಲಿನವರು ಅದನ್ನು ಸಂಸೆ ಪರ್ವತ ಎನ್ನುತ್ತಿದ್ದರು, ಹತ್ತುವ ದಾರಿ ಸಂಸೆಯಿಂದ ಇದ್ದ ಕಾರಣಕ್ಕೆ. ಕುದುರೆಯ ಮುಖ ಎಂಬ ಹೆಸರು ಕಡಲ ಕಡೆಯಿಂದ ನೋಡಿದವರದ್ದು ಎನ್ನುತ್ತಾರೆ. ಬುಡದಲ್ಲಿರುವವರಿಗೆ ಅಲ್ಲಿ ಕಾಡು, ತೊರೆ, ಜಿಗಣೆ, ಬಂಡೆಯ ಮಡಿಕೆಗಳು. ಅವೆಲ್ಲ ನಿಜ, ಆದರೆ ಅವುಗಳಲ್ಲಿ ಎಲ್ಲೂ ಕುದುರೆಯಿಲ್ಲ. ಸಣ್ಣಪುಟ್ಟದ್ದೆಲ್ಲ ಅಳಿಸಿ ಹೋಗುವಷ್ಟು ದೂರ ಹೋದವನಿಗೆ ಮಾತ್ರ ಆಕಾರ ಉಳಿಯುತ್ತದೆ, ಮತ್ತು ಆ ಆಕಾರವನ್ನು ನಂಬಿ ಹಡಗುಗಳು ಬಂದರು ಸೇರಿದವು. ಸಂಸೆಯವನಿಗೂ ನಾವಿಕನಿಗೂ ಜಗಳ ಹಚ್ಚುವ ಅಗತ್ಯವಿಲ್ಲ, ಬೆಟ್ಟ ಒಂದೇ.

ಲಾಯಿಲದಿಂದ ಕಡಲಿಗಿಳಿದು ಆ ಆಕಾರವನ್ನು ನೋಡಲು ಹೊರಡುವುದಿದ್ದರೆ ಮಳೆ ತೊಳೆದ ಗಾಳಿ ಇನ್ನೂ ತಿಳಿಯಾಗಿರುವ ನವೆಂಬರ್, ಡಿಸೆಂಬರ್ ಒಳ್ಳೆಯದು; ಫೆಬ್ರವರಿಯ ನಂತರ ಘಟ್ಟದ ಮೇಲೆ ಮಬ್ಬು ಕೂರುತ್ತದೆ. ಜೂನಿನಿಂದ ದ್ವೀಪದ ದೋಣಿಗಳು ನಿಲ್ಲುತ್ತವೆ. ಪೂರ್ತಿ ಕರಾವಳಿ ಮಾಡುವ ಹುಮ್ಮಸ್ಸಿದ್ದರೆ ಸೈಕಲ್ಲನ್ನು ಕಾರವಾರದ ತನಕ ರೈಲಿಗೋ ಬಸ್ಸಿಗೋ ಹಾಕಿ, ಅಲ್ಲಿಂದ ದಕ್ಷಿಣಕ್ಕೆ ಇಳಿಯುವುದು ಜಾಣತನ. ಮಧ್ಯಾಹ್ನದ ಗಾಳಿ ಬೆನ್ನಿಗಿರುತ್ತದೆ. ಮೂಲ್ಕಿಯಿಂದ ಮನೆಗೆ ಮಾತ್ರ ಯಾವ ಜಾಣತನವೂ ನಡೆಯುವುದಿಲ್ಲ. ಅದು ಏರೇ. ವೇಣೂರಿನಲ್ಲಿ ಸೀಯಾಳ ಸಿಗುತ್ತದೆ.