ಮೂರಕ್ಷರದ ಅಭಿಮಾನ

ಅಮೆರಿಕದಲ್ಲಿ ‘ಒಎಸ್‌ಯು’ ಎಂಬ ಮೂರಕ್ಷರಕ್ಕೆ ಮೂರು ಸರ್ಕಾರಿ ವಿಶ್ವವಿದ್ಯಾಲಯಗಳು ಹಕ್ಕುದಾರರು: ಒಹಾಯೊ ಸ್ಟೇಟ್, ಒಕ್ಲಹಾಮಾ ಸ್ಟೇಟ್, ಆರೆಗಾನ್ ಸ್ಟೇಟ್. ಅಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ನಮ್ಮಲ್ಲಿ ಐಪಿಎಲ್ ಇದ್ದ ಹಾಗೆ. ಒಹಾಯೊ ಸ್ಟೇಟಿನ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಅಸಲಿ ಒಎಸ್‌ಯು ಯಾವುದು ಎಂಬುದು ಅಭಿಮಾನಿಗಳಿಗೆ ಮುಗಿಯದ ಜಗಳ. ಒಹಾಯೊದವರಂತೂ ತಮ್ಮ ಹೆಸರಿನ ಮೊದಲಿಗಿರುವ ‘ದಿ’ ಎಂಬ ಪದಕ್ಕೇ 2022ರಲ್ಲಿ, ಬಟ್ಟೆ ಮತ್ತು ಟೋಪಿಗಳ ಮಟ್ಟಿಗೆ, ಟ್ರೇಡ್‌ಮಾರ್ಕ್ ಪಡೆದರು.

ನಾನು ಎಂ.ಎ. ಓದಿದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಈಗ ಸಂಶೋಧನೆ ಮಾಡುತ್ತಿರುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಒಂದು 1987ರಲ್ಲಿ ಹುಟ್ಟಿದ್ದು, ಇನ್ನೊಂದು 1949ರಲ್ಲಿ. ಇಂಗ್ಲಿಷಿನ ಮೊದಲಕ್ಷರ ಹಿಡಿದರೆ ಎರಡೂ ‘ಕೆಯು’. ಈ ಎರಡಕ್ಷರಕ್ಕಾಗಿ ಯಾರೂ ಯಾರ ಮೇಲೂ ಏರಿ ಹೋದದ್ದನ್ನು ನಾನು ಕಂಡಿಲ್ಲ. ಅಂತರ ವಿಶ್ವವಿದ್ಯಾಲಯ ಪಂದ್ಯಗಳೇನೋ ನಡೆಯುತ್ತವೆ. ನೋಡಲು ನಿಲ್ಲುವವರು ಆಟಗಾರರ ಗೆಳೆಯರಷ್ಟೇ. ಹಾಗೆಂದು ನಾವು ಅಮೆರಿಕದವರಿಗಿಂತ ವಿವೇಕಿಗಳು ಎಂದುಕೊಳ್ಳಬೇಕಾಗಿಲ್ಲ. ನಮ್ಮ ಅಕ್ಷರಗಳು ಬೇರೆ ಕಡೆ ಇವೆ, ಅಷ್ಟೆ. ಏಪ್ರಿಲ್ ಬಂದರೆ ನಮ್ಮ ತರೀಕೆರೆಯ ಟೀ ಅಂಗಡಿಗಳಲ್ಲಿ ಅಡಿಕೆ ರೇಟು ಕೂಡ ಹಿಂದೆ ಬೀಳುತ್ತದೆ. ಊರು ಆರ್‌ಸಿಬಿ ಆಗುತ್ತದೆ. ಅಲ್ಲೊಬ್ಬ ಇಲ್ಲೊಬ್ಬ ಸಿಎಸ್‌ಕೆಯವನು ಎಲ್ಲರ ಬಾಯಿಗೆ ಆಹಾರವಾಗುತ್ತಾನೆ.

‘ನಮ್ಮ ತಂಡ’ ಎನ್ನುತ್ತೇವಲ್ಲ, ಅದರಲ್ಲಿ ನಮ್ಮದು ಯಾವುದು? ಆಟಗಾರರೇ? ಕೊಹ್ಲಿ ದೆಹಲಿಯವರು, 2025ರಲ್ಲಿ ಕಪ್ ಎತ್ತಿದ ನಾಯಕ ರಜತ್ ಪಾಟೀದಾರ್ ಇಂದೋರಿನವರು. ಚೆನ್ನೈನವರು ತಲೆಯ ಮೇಲೆ ಹೊತ್ತುಕೊಂಡಿರುವ ಧೋನಿ ರಾಂಚಿಯವರು. ಅದೇ ವರ್ಷದ ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿಯನ್ನು ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ಗೆರೆ ಎಳೆದು ಇದು ನನ್ನ ಅಂಗಳ ಎಂದು ತೋರಿಸಿದವರು ನಮ್ಮ ಕೆ.ಎಲ್. ರಾಹುಲ್; ತೊಟ್ಟಿದ್ದು ಮಾತ್ರ ದೆಹಲಿಯ ಅಂಗಿ. ಹೋಗಲಿ, ಹೆಸರು ನಮ್ಮದೇ? ಅದು ಬಂದದ್ದು ಒಂದು ವಿಸ್ಕಿ ಬ್ರ್ಯಾಂಡಿನಿಂದ. ಅದೂ 2024ರಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಆಯಿತು. ಬದಲಾಗದೆ ಉಳಿದದ್ದು ಮೂರು ಅಕ್ಷರ, ಮತ್ತು ಅದನ್ನು ಕೂಗುವ ನಾವು.

ಇಷ್ಟು ಟೊಳ್ಳಾದ ಗುರುತಿಗಾಗಿ ಮನುಷ್ಯ ಇನ್ನೊಬ್ಬನನ್ನು ದ್ವೇಷಿಸಬಲ್ಲನೆ? ಬ್ರಿಸ್ಟಲ್‌ನ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೊಂದು ಉತ್ತರವಿದೆ. ಶಾಲಾ ಹುಡುಗರಿಗೆ ಕೆಲವು ಚಿತ್ರ ತೋರಿಸಿ, ನೀವು ಕ್ಲೇ ಮೆಚ್ಚಿದವರು, ನೀವು ಕಾಂಡಿನ್‌ಸ್ಕಿ ಮೆಚ್ಚಿದವರು ಎಂದು ಎರಡು ಗುಂಪು ಮಾಡಿದರು. ನಿಜವಾಗಿ ಆ ವಿಂಗಡಣೆಗೆ ಹುಡುಗರ ಮೆಚ್ಚುಗೆ ಆಧಾರವೇ ಆಗಿರಲಿಲ್ಲ. ಆಮೇಲೆ ಎರಡೂ ಗುಂಪಿನವರಿಗೆ ಹಣ ಹಂಚಲು ಹೇಳಿದರು. ಹುಡುಗರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು ಎಂಬುದು ಅಚ್ಚರಿಯಲ್ಲ. ತಮ್ಮವರಿಗೆ ಒಂದಿಷ್ಟು ಕಡಿಮೆಯಾದರೂ ಸರಿಯೇ, ಆಚೆಯವರಿಗಿಂತ ಅಂತರ ದೊಡ್ಡದಿರಲಿ ಎಂಬ ಕಡೆಗೆ ಅವರು ವಾಲಿದರು. ಗಾಬರಿ ಹುಟ್ಟಿಸುವುದು ಅದು.

ಇದನ್ನು ಓದಿದ ಮೇಲೆ ಅಭಿಮಾನವೇ ಒಂದು ಕಾಯಿಲೆ ಎಂದುಬಿಡುವುದು ಸುಲಭ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಊರು ಯಾವುದು ಎಂದು ಕೇಳಿದವರಿಗೆ ತರೀಕೆರೆ ಎಂದರೆ, ಹತ್ತರಲ್ಲಿ ಐದು ಜನ ಕೆರೆ ಏರಿಯ ಮೇಲೆ ಕುರಿಮರಿ ಮೇಯಿಸಿ ನಾಲಗೆ ತಡವರಿಸಿಕೊಳ್ಳುತ್ತಾರೆ. ನೂರು ಸಲ ಕೇಳಿದ ತಮಾಷೆಯಾದರೂ ನನಗೆ ಪ್ರತಿ ಸಲ ಒಳಗೊಳಗೇ ಖುಷಿ. ಈ ಊರಲ್ಲಿ ಹುಟ್ಟಿದ್ದರಲ್ಲಿ ನನ್ನ ಸಾಧನೆ ಏನೂ ಇಲ್ಲ. ಆದರೂ ಅದು ನನ್ನದು. ಆಕಸ್ಮಿಕವಾಗಿ ಬಂದದ್ದೆಲ್ಲ ಅರ್ಥಹೀನ ಎನ್ನುವುದಾದರೆ ತಾಯಿ, ತಾಯ್ನುಡಿ ಎರಡೂ ಅರ್ಥಹೀನವೇ ಆದಾವು.

ಕನ್ನಡದಲ್ಲಿ ‘ಅಭಿಮಾನ’ ಎಂಬ ಪದವೇ ಎರಡು ಕಡೆ ಕಾಲಿಟ್ಟು ನಿಂತಿದೆ. ಸಾಂಖ್ಯರು ಅಹಂಕಾರವನ್ನು ವಿವರಿಸಲು ಬಳಸಿದ್ದು ಇದೇ ಪದ. ನಾವು ‘ಸ್ವಾಭಿಮಾನ’ ಎಂದಾಗ ಬೆನ್ನು ನೆಟ್ಟಗಾಗುತ್ತದೆ, ‘ದುರಭಿಮಾನ’ ಎಂದಾಗ ತಲೆ ತಗ್ಗುತ್ತದೆ. ಡಾ. ರಾಜ್‌ಕುಮಾರ್ ‘ಅಭಿಮಾನಿ ದೇವರುಗಳೇ’ ಎಂದು ಕರೆದು ಈ ಪದದ ದಿಕ್ಕನ್ನೇ ತಿರುಗಿಸಿದರು: ಕೈ ಮುಗಿಯಬೇಕಾದವನು ಮೇಲಿದ್ದವನು. ಹಾಗಾದರೆ ಅಭಿಮಾನ ಯಾವ ಗೆರೆ ದಾಟಿದಾಗ ದುರಭಿಮಾನವಾಗುತ್ತದೆ?

ಅಮೆರಿಕದ ತತ್ವಜ್ಞಾನಿ ಜೋಸಯ್ಯ ರಾಯ್ಸ್ ನಿಷ್ಠೆಯ ಬಗ್ಗೆ 1908ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಅಳತೆಗೋಲು ಕೊಡುತ್ತಾನೆ. ಅವನು ಅದನ್ನು ‘ನಿಷ್ಠೆಗೆ ನಿಷ್ಠೆ’ ಎನ್ನುತ್ತಾನೆ. ನನ್ನ ನಿಷ್ಠೆ ಒಳ್ಳೆಯದೋ ಕೆಟ್ಟದ್ದೋ ತಿಳಿಯಲು, ಅದು ಇನ್ನೊಬ್ಬನ ನಿಷ್ಠೆಯನ್ನು ಏನು ಮಾಡುತ್ತದೆ ಎಂದು ನೋಡಬೇಕು. ಎದುರಾಳಿಯ ನಿಷ್ಠೆಯನ್ನೂ ಗೌರವಿಸುವಂತಿದ್ದರೆ ಅದು ಒಳ್ಳೆಯದು. ಅವನು ಯಾವುದನ್ನೂ ಪ್ರೀತಿಸಲಾಗದಂತೆ ಅವನನ್ನು ಮುರಿಯಲು ಹೊರಟರೆ ಕೆಟ್ಟದ್ದು.

ಈ ಅಳತೆಗೋಲು ಹಿಡಿದರೆ ಕಾಲೆಳೆಯುವುದು ತಪ್ಪಲ್ಲ. ಭದ್ರಾವತಿಯ ಗೆಳೆಯನೊಬ್ಬನಿದ್ದಾನೆ. ಮನೆಮಾತು ತಮಿಳು, ಅಜ್ಜ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಬಂದವರು. ಸಿಎಸ್‌ಕೆ ಎಂದರೆ ಅವನಿಗೆ ಪ್ರಾಣ. ‘ಈ ಸಲ ಕಪ್ ನಮ್ದೇ’ ಎಂದು ನಾವು ಹದಿನೇಳು ಸಲ ಹೇಳಿದ್ದನ್ನು ಅವನು ಹದಿನೇಳು ಥರ ಅಣಕಿಸಿದ್ದಾನೆ. ನಾಳೆಯೂ ಅವನು ಎದುರಿಗೆ ಕೂತು ಉತ್ತರ ಕೊಡುತ್ತಾನೆ ಎಂಬ ನಂಬಿಕೆಯ ಮೇಲೆಯೇ ಈ ಅಣಕದ ಸುಖ ನಿಂತಿದೆ. 2024ರ ಮೇ 18ರ ರಾತ್ರಿ ಆರ್‌ಸಿಬಿ 27 ರನ್ನುಗಳಿಂದ ಗೆದ್ದು ಸಿಎಸ್‌ಕೆಯನ್ನು ಹೊರಗೆ ಹಾಕಿತು. ತರೀಕೆರೆಯ ಗೆಳೆಯನ ಮನೆಯಲ್ಲಿ ಟಿವಿ ಮುಂದೆ ಹತ್ತು ಜನ ಕುಣಿಯುತ್ತಿದ್ದೆವು. ಅವನೂ ಸೋತ ನಗು ನಗುತ್ತಿದ್ದ. ಆಗ ಒಬ್ಬ, ‘ಇನ್ಮೇಲೆ ನಿಮಗೆ ಕಾವೇರಿ ನೀರೂ ಇಲ್ಲ, ಕಪ್ಪೂ ಇಲ್ಲ, ಹೋಗ್ರೋ ನಿಮ್ಮೂರಿಗೆ’ ಎಂದ. ಗೆಳೆಯನ ನಗು ನಿಂತಿತು.

ತರೀಕೆರೆಯ ನೀರು ಭದ್ರೆಗೆ ಸೇರಿ ಕೃಷ್ಣೆಯ ಕಡೆ ಹೋಗುತ್ತದೆ. ನಮ್ಮ ತೋಟಗಳಿಗೆ ಕಾವೇರಿ ಬರುವುದಿಲ್ಲ. ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ಅವನೂ ನಮ್ಮ ಹಾಗೆ ಭದ್ರೆಯ ನೀರು ಕುಡಿದವನು. ಮಂಡ್ಯದ ರೈತನ ಕಷ್ಟಕ್ಕೆ ದನಿಗೂಡಿಸಬೇಕಾದ್ದು ಬೇರೆ ಮಾತು. ಹಳದಿ ಅಂಗಿಯವನನ್ನು ಬೈದರೆ ಮಂಡ್ಯದ ಒಂದು ಗದ್ದೆಯೂ ನೆನೆಯುವುದಿಲ್ಲ. ನೀರಿನ ಜಗಳ ಆಟಕ್ಕೆ ನುಗ್ಗುವುದು ಆಚೆ ಕಡೆಯೂ ನಡೆದಿದೆ. 2018ರಲ್ಲಿ ಕಾವೇರಿ ಹೋರಾಟದ ಬಿಸಿಗೆ ಚೆನ್ನೈನ ಪಂದ್ಯಗಳು ಪುಣೆಗೆ ಹೋದವು. ಗೆರೆ ಇರುವುದು ಇಲ್ಲೇ. ‘ನಿನ್ನ ತಂಡ ಸೋತಿತು’ ಎಂಬುದು ಆಟದ ಮಾತು. ‘ನೀನು ಇಲ್ಲಿಯವನಲ್ಲ’ ಎಂದೊಡನೆ ಎದುರಾಳಿ ಇಲ್ಲವಾಗುತ್ತಾನೆ, ಬರೀ ಹೊರಗಿನವನು ಉಳಿಯುತ್ತಾನೆ.

ಹಗೆ ಇಲ್ಲದಿದ್ದರೆ ಆಟಕ್ಕೆ ಖಾರವೇ ಇಲ್ಲ ಎಂದು ವಾದಿಸುವವರಿದ್ದಾರೆ. ಖಾರ ಬೇಕು, ನಿಜ. ಆದರೆ ನನ್ನ ಅಭಿಮಾನದ ಪೂರ್ತಿ ರುಚಿ ಬಲ್ಲವನು ಆ ಎದುರಾಳಿಯೇ. ಗೆದ್ದರೂ ಸೋತರೂ ಮಲಗಿ ನಿದ್ದೆ ಮಾಡುವ ನನ್ನ ಮನೆಯವರಿಗಿಂತ, ಸೋತ ರಾತ್ರಿ ಊಟ ಸೇರದ ಅವನು ನನಗೆ ಹತ್ತಿರದವನು.

2025ರ ಜೂನ್ 3ರಂದು ಕಪ್ ಕೊನೆಗೂ ನಮ್ಮದಾಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗರೂ ಆ ಜನಸಾಗರದಲ್ಲಿದ್ದರು. ಫೋನುಗಳು ಹೋಗುತ್ತಿರಲಿಲ್ಲ. ನನಗೆ ಮೊದಲು ಬಂದ ಕರೆ ಭದ್ರಾವತಿಯದು. ‘ನಮ್ಮೋರೆಲ್ಲ ಸಿಕ್ಕಿದ್ರೇನೋ?’ ಎಂದ. ಆ ‘ನಮ್ಮೋರು’ ಯಾವ ತಂಡದವರು ಎಂದು ನಾನು ಕೇಳಲಿಲ್ಲ.

ಆ ಸಾವುಗಳಿಗೆ ಹೊಣೆ ಯಾರು ಎಂಬುದನ್ನು ತನಿಖೆ, ನ್ಯಾಯಾಲಯಗಳು ಹೇಳಬೇಕು. ಅಭಿಮಾನಿಗಳಾದ ನಮಗೆ ಉಳಿಯುವ ಪ್ರಶ್ನೆ ಬೇರೆ. ಮೂರಕ್ಷರಕ್ಕೆ ಪ್ರಾಣವಿಲ್ಲ, ನಾವು ಬಿದ್ದರೆ ಅದು ಎತ್ತುವುದಿಲ್ಲ. ಅದನ್ನು ಕೂಗಲು ಪಕ್ಕದಲ್ಲಿ ನಿಂತವನು ಎತ್ತಬೇಕು, ಅಥವಾ ಎದುರಿಗೆ ನಿಂತು ಅಣಕಿಸುವವನು. ನಮ್ಮ ಅಭಿಮಾನದ ಮೊದಲ ಋಣ ಅವರಿಬ್ಬರಿಗೆ ಸಲ್ಲಬೇಕಾದದ್ದು.