ಪರರ ನೋವು, ತನ್ನ ಲೇಖನಿ

ಒಬ್ಬರ ದುಃಖವನ್ನು ಇನ್ನೊಬ್ಬರು ಮನಗೊಟ್ಟು ಕೇಳುವುದು ಅನುಕಂಪ. ಆ ದುಃಖವನ್ನೇ ಬರೆದು, ಅಚ್ಚುಮಾಡಿಸಿ, ಬೆಲೆ ಕಟ್ಟಿ ಮಾರುವುದಾದರೆ ಅದನ್ನು ಏನೆಂದು ಕರೆಯಬೇಕು? ಬರೆಯದೆ ಬಿಟ್ಟರೆ ನೊಂದವರ ಬಾಳು ಮರೆವಿಗೆ ಸಲ್ಲುತ್ತದೆ. ಬರೆದರೆ ಅವರ ನೋವು ಬರೆದವನ ಕೀರ್ತಿಗೂ ಗಳಿಕೆಗೂ ಸಾಮಗ್ರಿಯಾಗುತ್ತದೆ. ಈ ಇಕ್ಕಟ್ಟನ್ನು ಮರೆಮಾಚದೆ ಎದುರಿಸಿದ ಕೃತಿಯೊಂದು, ಮಕ್ಕಳ ವಿನೋದಕ್ಕಷ್ಟೇ ತಕ್ಕುದೆಂದು ಬಹುಕಾಲ ಎಣಿಸಲಾಗಿದ್ದ ಚಿತ್ರಕಥೆಗಳ ನಡುವೆ ದೊರೆಯುತ್ತದೆ ಎಂಬುದು ವಿಚಾರಶೀಲರ ಗಮನಕ್ಕೆ ಅರ್ಹವಾದ ಸಂಗತಿ. ಅದರ ಹೆಸರು ‘ಮೌಸ್’; ಜರ್ಮನ್ ಭಾಷೆಯಲ್ಲಿ ಇಲಿ ಎಂದರ್ಥ.

ಅದರ ಕರ್ತೃ ಆರ್ಟ್ ಸ್ಪೀಗಲ್‌ಮನ್ ಅವರು 1948ರಲ್ಲಿ ಸ್ವೀಡನ್ನಿನಲ್ಲಿ ಜನಿಸಿ ಅಮೆರಿಕದಲ್ಲಿ ಬೆಳೆದವರು. ತಂದೆ ವ್ಲಾಡೆಕ್ ಮತ್ತು ತಾಯಿ ಆನ್ಯಾ ಪೋಲೆಂಡಿನ ಯಹೂದಿಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಔಷ್‌ವಿಟ್ಸ್ ಮರಣಶಿಬಿರವನ್ನು ಕಂಡು ಬದುಕಿ ಬಂದವರು. ಅವರ ಚೊಚ್ಚಲ ಮಗನೂ ಬಹುಪಾಲು ಬಂಧುಗಳೂ ಆ ಯುದ್ಧದಲ್ಲಿ ಅಳಿದರು. ತಾಯಿ 1968ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮಗನು ಮುಂದೊಂದು ದಿನ ಓದಿಯಾನೆಂಬ ಆಸೆಯಿಂದ ಆಕೆ ಬರೆದಿಟ್ಟಿದ್ದ ದಿನಚರಿಗಳನ್ನು, ಶೋಕದ ಭರದಲ್ಲಿ ತಂದೆ ಸುಟ್ಟುಹಾಕಿದರು. ಉಳಿದದ್ದು ತಂದೆಯ ನೆನಪು ಒಂದೇ. 1972ರಲ್ಲಿ ಮೂರು ಪುಟಗಳ ಕಿರುಚಿತ್ರಕಥೆಯಾಗಿ ಮೊಳೆತ ಈ ವಸ್ತುವನ್ನು ಮಗನು 1978ರಲ್ಲಿ ಮತ್ತೆ ಕೈಗೆತ್ತಿಕೊಂಡರು. ಧ್ವನಿಮುದ್ರಣಯಂತ್ರವನ್ನು ಮುಂದಿಟ್ಟುಕೊಂಡು ತಂದೆಯ ಬಳಿ ಕುಳಿತರು. ವ್ಯಾಯಾಮದ ಸೈಕಲ್ಲನ್ನು ತುಳಿಯುತ್ತ ವೃದ್ಧರು ಹೇಳಿದರು, ಮಗ ಕೇಳಿದರು. 1982ರಲ್ಲಿ ತಂದೆ ತೀರಿಕೊಂಡರು. ಕೃತಿ ಮುಗಿದದ್ದು 1991ರಲ್ಲಿ.

ಅಮೆರಿಕದ ಚಿತ್ರಕಥೋದ್ಯಮದಲ್ಲಿ ಕಥೆ ಬರೆಯುವವರು ಒಬ್ಬರು, ಪೆನ್ಸಿಲಿನಲ್ಲಿ ರೇಖಿಸುವವರು ಒಬ್ಬರು, ಶಾಯಿ ತುಂಬುವವರು ಮತ್ತೊಬ್ಬರು, ಅಕ್ಷರ ಬರೆಯುವವರು ಇನ್ನೊಬ್ಬರು ಇರುವುದು ವಾಡಿಕೆ. ಇವರೆಲ್ಲರ ಮೇಲೆ ಪ್ರಕಾಶನ ಸಂಸ್ಥೆ. 1954ರಲ್ಲಿ ರೂಪುಗೊಂಡ ನಿಯಮಾವಳಿಯೊಂದು ಏನನ್ನು ತೋರಿಸಬಹುದು, ಏನನ್ನು ಕೂಡದು ಎಂಬುದನ್ನೂ ದೀರ್ಘಕಾಲ ವಿಧಿಸಿತ್ತು. ಸ್ವತಂತ್ರ ಚಿತ್ರಕಥೆಯೆಂದರೆ ಈ ವ್ಯವಸ್ಥೆಯಿಂದ ಹೊರಬಂದದ್ದು. ಸ್ಪೀಗಲ್‌ಮನ್ ಮತ್ತು ಅವರ ಪತ್ನಿ ಫ್ರಾನ್ಸ್ವಾಜ್ ಮೂಲಿ ಅವರು 1980ರಲ್ಲಿ ‘ರಾ’ ಎಂಬ ಪತ್ರಿಕೆಯನ್ನು ತಾವೇ ಆರಂಭಿಸಿದರು. ನ್ಯೂಯಾರ್ಕಿನ ಅವರ ಮನೆಯಲ್ಲಿಯೇ ಮುದ್ರಣಯಂತ್ರವಿತ್ತು. ಅದೇ ವರ್ಷದ ಎರಡನೆಯ ಸಂಚಿಕೆಯಿಂದ ‘ಮೌಸ್’ನ ಅಧ್ಯಾಯಗಳು ಸಣ್ಣ ಪುಸ್ತಿಕೆಗಳಾಗಿ ಆ ಪತ್ರಿಕೆಯೊಳಗೆ ಸೇರಿ ಬಂದವು. ಕಥೆ, ರೇಖೆ, ಅಕ್ಷರ ಎಲ್ಲವೂ ಒಂದೇ ಕೈಯವು.

ಇಂತಹ ಸ್ವಾತಂತ್ರ್ಯದಲ್ಲಿ ಒಂದು ಅಪಾಯವೂ ಅಡಗಿದೆ. ಅಪ್ಪಣೆ ಕೊಡುವವರಿಲ್ಲದ ಕಡೆ ತಡೆಯುವವರೂ ಇರುವುದಿಲ್ಲ. ಹೊರಗಿನ ನಿಯಮ ಕಳಚಿದ ಮೇಲೆ ಒಳಗಿನ ನಿಯಮವೊಂದು ಹುಟ್ಟದಿದ್ದರೆ ಅದು ಸ್ವಾತಂತ್ರ್ಯವಲ್ಲ, ಸ್ವೇಚ್ಛೆ. ಈ ಕೃತಿಯ ರಚನೆಯಲ್ಲಿ ಆ ಒಳನಿಯಮ ಕಾಣುವುದು ಸಣ್ಣ ಸಣ್ಣ ತೀರ್ಮಾನಗಳಲ್ಲಿ. ಚಿತ್ರವನ್ನು ದೊಡ್ಡದಾಗಿ ಬರೆದು ಅಚ್ಚಿನಲ್ಲಿ ಕುಗ್ಗಿಸುವುದು ಚಿತ್ರಕಥೆಗಾರರ ರೂಢಿ; ಕುಗ್ಗಿದಾಗ ಗೆರೆ ನಯವಾಗುತ್ತದೆ, ಕೈಯ ನಡುಕ ಮರೆಯಾಗುತ್ತದೆ. ಸ್ಪೀಗಲ್‌ಮನ್ ಅವರು ಅಚ್ಚಾಗುವ ಅಳತೆಯಲ್ಲಿಯೇ, ಸಾಮಾನ್ಯ ಕಾಗದದ ಮೇಲೆ, ಶಾಯಿಪೆನ್ನಿನಿಂದ ಬರೆದರು. ಆದುದರಿಂದ ಪುಟಗಳು ಚಿತ್ರಶಾಲೆಯ ಬೆಡಗನ್ನು ತೊರೆದು, ಯಾರೋ ಗುಟ್ಟಾಗಿ ಬರೆದಿಟ್ಟ ದಿನಚರಿಯಂತೆ ತೋರುತ್ತವೆ. ನೋವಿನ ಕಥೆಗೆ ಅಲಂಕಾರ ಸಲ್ಲದೆಂಬ ನಿರ್ಧಾರ ಅದು.

ಎರಡನೆಯ ತೀರ್ಮಾನ ಸತ್ಯಕ್ಕೆ ಸಂಬಂಧಿಸಿದುದು. ಔಷ್‌ವಿಟ್ಸ್‌ನಲ್ಲಿ ಕೈದಿಗಳು ಕೆಲಸಕ್ಕೆ ಹೊರಡುವಾಗ ದ್ವಾರದ ಬಳಿ ವಾದ್ಯಮೇಳವೊಂದು ನುಡಿಸುತ್ತಿತ್ತು ಎಂಬುದಕ್ಕೆ ದೃಢವಾದ ಆಧಾರಗಳಿವೆ. ಮಗನು ಕೇಳಿದಾಗ ತಂದೆ ಅಂತಹುದೇನೂ ತಮಗೆ ನೆನಪಿಲ್ಲವೆಂದರು. ಅವರು ಕೇಳಿದ್ದು ಕಾವಲುಗಾರರ ಕೂಗನ್ನು ಮಾತ್ರ. ಇತಿಹಾಸವನ್ನು ನಂಬಿದರೆ ತಂದೆಯ ಮಾತನ್ನು ತಳ್ಳಿಹಾಕಬೇಕು. ತಂದೆಯನ್ನು ನಂಬಿದರೆ ಇತಿಹಾಸವನ್ನು ಅಳಿಸಬೇಕು. ಚಿತ್ರಕಾರರು ಮೊದಲು ವಾದ್ಯಮೇಳವನ್ನು ಬರೆದರು. ಮುಂದಿನ ಚೌಕದಲ್ಲಿ ಸಾಲುಸಾಲಾಗಿ ಸಾಗುವ ಕೈದಿಗಳನ್ನು ಬರೆದು ಆ ಮೇಳವನ್ನು ಮರೆಮಾಡಿದರು. ಕೈದಿಗಳ ತಲೆಗಳ ಮೇಲೆ ವಾದ್ಯಗಳ ತುದಿಗಳಷ್ಟೇ ಇಣುಕುತ್ತವೆ. ತಂದೆಯ ಮಾತು ಸುಳ್ಳಾಗಲಿಲ್ಲ, ದಾಖಲೆಯೂ ಅಳಿಯಲಿಲ್ಲ. ನಡೆಯುತ್ತಿದ್ದವನ ಕಣ್ಣಿಗೆ ಎಷ್ಟು ಕಾಣಬಲ್ಲದು ಎಂಬ ಮೂರನೆಯ ಸತ್ಯವೊಂದು ತಾನಾಗಿ ಗೋಚರಿಸಿತು.

ಆದರೆ ಎಲ್ಲ ತೀರ್ಮಾನಗಳೂ ಇಷ್ಟು ನಿರ್ದೋಷವಾಗಿಲ್ಲ. ಮದುವೆಗೆ ಮುನ್ನ ಬೇರೊಬ್ಬ ಹೆಣ್ಣಿನೊಡನೆ ತಮಗಿದ್ದ ಒಡನಾಟವನ್ನು ಹೇಳಿದ ತಂದೆ, ಇದಕ್ಕೂ ಯುದ್ಧದ ವಿಷಯಕ್ಕೂ ಸಂಬಂಧವಿಲ್ಲವೆಂದೂ ಪುಸ್ತಕದಲ್ಲಿ ಬರೆಯಬಾರದೆಂದೂ ಕೇಳಿಕೊಳ್ಳುತ್ತಾರೆ. ಅದರಿಂದ ಕಥೆ ಹೆಚ್ಚು ಮಾನವೀಯವಾಗುತ್ತದೆಂದು ಮಗ ವಾದಿಸುತ್ತಾರೆ. ಕೊನೆಗೆ ಸೋತು, ಕೈಯೆತ್ತಿ ಮಾತು ಕೊಡುತ್ತಾರೆ. ಆ ಪ್ರಸಂಗವೂ ಕೊಟ್ಟ ಮಾತೂ ಎರಡೂ ಮೊದಲನೆಯ ಅಧ್ಯಾಯದಲ್ಲಿಯೇ ಅಚ್ಚಾಗಿವೆ! ಇದು ವಚನಭಂಗವೆಂಬುದರಲ್ಲಿ ಸಂದೇಹವಿಲ್ಲ. ತಪ್ಪನ್ನು ತಾನೇ ತೋರಿಸಿಕೊಂಡ ಮಾತ್ರಕ್ಕೆ ತಪ್ಪು ಅಳಿಯುವುದೆ? ಅಳಿಯದು. ಒಪ್ಪಿಕೊಳ್ಳುವುದು ಪರಿಹಾರದ ಆರಂಭವೇ ಹೊರತು ಪರಿಹಾರವಲ್ಲ. ಆದರೂ ಮಾತು ಮುರಿದು ಅದನ್ನು ಮುಚ್ಚಿಟ್ಟಿದ್ದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂಡುತ್ತಿತ್ತು. ಇಲ್ಲಿ ಓದುಗನು ಆ ಮಗನನ್ನು ನಂಬುವುದರ ಜೊತೆಗೆ ಅವರ ವಿಷಯದಲ್ಲಿ ಎಚ್ಚರವಾಗಿರುವುದನ್ನೂ ಕಲಿಯುತ್ತಾನೆ. ತಂದೆಯ ಜಿಪುಣತನವನ್ನು ಚಿತ್ರಿಸುವಾಗ, ಯಹೂದಿಗಳನ್ನು ಹಳಿಯುವವರ ವಿಕಾರಚಿತ್ರಕ್ಕೇ ತಾನು ನೆರವಾಗುತ್ತಿರುವೆನೇನೋ ಎಂಬ ಅಳುಕನ್ನೂ ಅವರು ಕೃತಿಯೊಳಗೇ ಆಡಿ ತೋರಿಸುತ್ತಾರೆ.

ಇದಕ್ಕಿಂತ ಕಠಿಣವಾದ ಆಕ್ಷೇಪಣೆ ಇನ್ನೊಂದಿದೆ. ಕೃತಿಯಲ್ಲಿ ಯಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು, ಪೋಲೆಂಡಿನವರು ಹಂದಿಗಳು. ಯಹೂದಿಗಳನ್ನು ಇಲಿ ಹೆಗ್ಗಣಗಳಿಗೆ ಹೋಲಿಸಿ 1940ರಲ್ಲಿ ಚಲನಚಿತ್ರವನ್ನೇ ತೆಗೆದವರು ನಾಜಿಗಳು. ಮನುಷ್ಯನನ್ನು ಕೊಲ್ಲುವ ಮೊದಲು ಅವನ ಮನುಷ್ಯತ್ವವನ್ನು ಮಾತಿನಲ್ಲಿ ಕೊಲ್ಲಲಾಗುತ್ತದೆ. ಆ ಆಯುಧವನ್ನೇ ಚಿತ್ರಕಾರನು ಎತ್ತಿಕೊಳ್ಳಬಹುದೆ? 2001ರಲ್ಲಿ ಪೋಲಿಷ್ ಅನುವಾದ ಪ್ರಕಟವಾದಾಗ ಅಲ್ಲಿ ಪ್ರತಿಭಟನೆಗಳು ನಡೆದವು. ನೊಂದವರ ಆಕ್ಷೇಪಣೆಯನ್ನು ಹಗುರವಾಗಿ ತೆಗೆದುಹಾಕಲಾಗದು. ಆದರೆ ಈ ರೂಪಕವು ನಿಲ್ಲಲಾರದೆಂಬುದನ್ನು ಕೃತಿಯೇ ಹೆಜ್ಜೆಹೆಜ್ಜೆಗೂ ತೋರಿಸಿಕೊಡುತ್ತದೆ. ತಾನು ಜರ್ಮನನೆಂದು ಗೋಳಿಡುವ ಕೈದಿಯೊಬ್ಬನು ಒಮ್ಮೆ ಇಲಿಯಾಗಿ, ಒಮ್ಮೆ ಬೆಕ್ಕಾಗಿ ಕಾಣುತ್ತಾನೆ. ಎರಡನೆಯ ಭಾಗದಲ್ಲಿ ಚಿತ್ರಕಾರರ ಮುಖವೇ ಒಂದು ಮುಖವಾಡ. ಅದನ್ನು ಕಟ್ಟಿದ ದಾರವೂ ಕಾಣುತ್ತದೆ. ಜಾತಿ ಕುಲಗಳ ಹೆಸರಿನ ಮುಖಗಳೆಲ್ಲವೂ ಹೊರಗಿನಿಂದ ಕಟ್ಟಿದವೇ ಎಂಬ ಅರಿವು ಆ ದಾರದಲ್ಲಿದೆ.

ಹಲವು ಪ್ರಕಾಶಕರು ನಿರಾಕರಿಸಿದ ಮೇಲೆ ಮೊದಲ ಭಾಗವು 1986ರಲ್ಲಿ ಪುಸ್ತಕವಾಗಿ ಬಂದು ಅಪಾರ ಜನಮನ್ನಣೆ ಗಳಿಸಿತು. ಎರಡನೆಯ ಭಾಗ 1991ರಲ್ಲಿ ಹೊರಬಂದಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕಲ್ಪಿತ ಸಾಹಿತ್ಯದ ಪಟ್ಟಿಗೆ ಸೇರಿಸಿತು. ಕರ್ತೃವು ಪತ್ರ ಬರೆದು ಪ್ರತಿಭಟಿಸಿದ ಬಳಿಕ ಬದಲಾಯಿಸಿತು. 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಬಂದಿತು. ಆದರೆ ಪ್ರಶಸ್ತಿಗೆ ಮುನ್ನವೇ, ಎರಡನೆಯ ಭಾಗದ ಪುಟವೊಂದರಲ್ಲಿ ಅವರು ತಮ್ಮನ್ನು ತಾವು ಚಿತ್ರಿಸಿಕೊಂಡ ಬಗೆ ಮರೆಯಲಾಗದು. ಚಿತ್ರಕಾರರು ಮೇಜಿನ ಮುಂದೆ ಕುಳಿತಿದ್ದಾರೆ. ಪುಸ್ತಕದ ಯಶಸ್ಸನ್ನೂ ಚಲನಚಿತ್ರಕ್ಕಾಗಿ ಬಂದ ಆಹ್ವಾನಗಳನ್ನೂ ಎಣಿಸುತ್ತಿದ್ದಾರೆ. ಮೇಜು ನಿಂತಿರುವುದು ಹೆಣಗಳ ರಾಶಿಯ ಮೇಲೆ. ಈ ಗಳಿಕೆ ಯಾರದು, ಇದರ ಅಡಿಪಾಯ ಯಾವುದು ಎಂಬ ಲೆಕ್ಕವನ್ನು ಇದಕ್ಕಿಂತ ನಿಷ್ಠುರವಾಗಿ ಒಪ್ಪಿಸುವುದು ಕಷ್ಟ.

ಅದೇ ಅಧ್ಯಾಯದಲ್ಲಿ ಅವರ ಮನೋವೈದ್ಯರು ಒಂದು ಮಾತನ್ನು ಎತ್ತುತ್ತಾರೆ. ಅವರೂ ಶಿಬಿರಗಳಿಂದ ಉಳಿದು ಬಂದವರು. ಇಷ್ಟೊಂದು ಪುಸ್ತಕಗಳು ಬಂದರೂ ಜನ ಬದಲಾಗಲಿಲ್ಲ, ಸತ್ತವರು ತಮ್ಮ ಕಥೆಯನ್ನು ಎಂದಿಗೂ ಹೇಳಲಾರರು, ಆದುದರಿಂದ ಇನ್ನು ಕಥೆಗಳೇ ಬೇಡವೇನೋ ಎಂಬುದು ಅವರ ಸಂದೇಹ. ಮೌನದ ಪರವಾಗಿ ಇದಕ್ಕಿಂತ ಭಾರವಾದ ವಾದವಿಲ್ಲ. ಚಿತ್ರಕಾರರು ಅದನ್ನು ಖಂಡಿಸುವುದಿಲ್ಲ. ಮೌನವನ್ನು ಹೊಗಳುವುದಕ್ಕೂ ಯಾರಾದರೂ ಬಾಯಿ ತೆರೆಯಲೇಬೇಕಾಯಿತಲ್ಲ ಎಂಬ ಅರ್ಥದ ಮಾತನ್ನಷ್ಟೇ ಸೇರಿಸುತ್ತಾರೆ. ಆ ಸಂಭಾಷಣೆಯೂ ಪುಸ್ತಕವನ್ನು ಸೇರುತ್ತದೆ.

ಪರರ ನೋವನ್ನು ಬರೆಯುವ ಅಧಿಕಾರವು ಮಗನೆಂಬ ಕಾರಣದಿಂದಾಗಲಿ, ಪ್ರತಿಭೆಯಿಂದಾಗಲಿ ಒಮ್ಮೆಗೇ ದೊರೆತುಬಿಡುವುದಿಲ್ಲ. ತಾನು ಕಾಣದುದನ್ನು ಕಂಡೆನೆನ್ನದೆ, ತಪ್ಪಿದಲ್ಲಿ ತಪ್ಪಿದೆನೆಂದು ಹೇಳಿ, ಪಡೆದದ್ದರ ಋಣವನ್ನು ಎಣಿಸುತ್ತ ಅದನ್ನು ಪ್ರತಿ ಪುಟದಲ್ಲಿಯೂ ಹೊಸದಾಗಿ ಗಳಿಸಬೇಕಾಗುತ್ತದೆ. ಮಾತು ಮುರಿದ ಆ ಒಂದು ಅಧ್ಯಾಯದಲ್ಲಿ ಸ್ಪೀಗಲ್‌ಮನ್ ಅವರು ಅದನ್ನು ಪೂರ್ಣವಾಗಿ ಗಳಿಸಲಿಲ್ಲ. ಗಳಿಸಲಿಲ್ಲವೆಂಬುದು ಲೋಕಕ್ಕೆ ತಿಳಿದದ್ದು ಅವರ ಲೇಖನಿಯಿಂದಲೇ.