ಚೆಲ್ಲುವ ಪಾಪ, ಉಣ್ಣುವ ಪಾಪ

ತಟ್ಟೆಯಲ್ಲಿ ಅನ್ನ ಬಿಡಬಾರದೆಂಬುದನ್ನು ನಾನು ಅಕ್ಷರಾಭ್ಯಾಸಕ್ಕಿಂತ ಮೊದಲೇ ಕಲಿತವನು. ಕಲಿಸಿದವಳು ಅಜ್ಜಿ. ಒಲೆಯ ಕಡೆ ಮುಖ ಮಾಡಿ ಕುಳಿತಿದ್ದರೂ ಯಾರ ತಟ್ಟೆಯಲ್ಲಿ ಎಷ್ಟು ಅಗುಳು ಉಳಿದಿವೆ ಎಂಬುದು ಅವಳಿಗೆ ಹೇಗೋ ತಿಳಿಯುತ್ತಿತ್ತು. "ಒಂದೊಂದು ಅಗುಳನ್ನೂ ನೆಲದಿಂದ ಆರಿಸಿಕೊಂಡು ತಿನ್ನೋ ಕಾಲ ಬರ್ತದೆ ಕಣೋ" ಎನ್ನುತ್ತಿದ್ದಳು. ಇದು ಮಕ್ಕಳನ್ನು ಹೆದರಿಸುವ ಮಾತೆಂದು ಆಗ ತಿಳಿದಿದ್ದೆ. ಅವಳು ಕಂಡಿದ್ದ ಮಾತೆಂದು ತಿಳಿದದ್ದು ಬಹಳ ಕಾಲದ ಮೇಲೆ. 1965ರಲ್ಲಿ, ದೇಶದಲ್ಲಿ ಧಾನ್ಯದ ಅಭಾವವಿದ್ದಾಗ, ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಕೇಳಿಕೊಂಡರಷ್ಟೆ. ಅಜ್ಜಿ ಸೋಮವಾರ ರಾತ್ರಿಯ ಊಟ ಬಿಟ್ಟಳು. ಅಭಾವ ಹೋಯಿತು, ಶಾಸ್ತ್ರಿಯವರೂ ಹೋದರು. ಅಜ್ಜಿ ಸಾಯುವವರೆಗೂ ಸೋಮವಾರದ ರಾತ್ರಿ ಉಣ್ಣಲಿಲ್ಲ.

ಇಂಥವಳ ಕೈಯಿಂದ ಬಂದ ಧರ್ಮವನ್ನು ಸಂಶಯಿಸುವುದು ಸುಲಭವಲ್ಲ. ಆದರೂ ಮೂರು ವರ್ಷಗಳಿಂದ ನಾನು ಅದನ್ನು ಸಂಶಯಿಸುತ್ತಿದ್ದೇನೆ.

ಮೂರು ವರ್ಷದ ಹಿಂದೆ ನಮ್ಮ ಅಮ್ಮನ ರಕ್ತಪರೀಕ್ಷೆಯಾಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆಯೊಂದುಂಟು. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ತನಗೆ ಅಂಟಿದ ಸಕ್ಕರೆಯ ಲೆಕ್ಕವನ್ನು ಅದು ಇಟ್ಟುಕೊಂಡಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಈ ಸಾಕ್ಷಿಯ ಬಾಯಿ ಮುಚ್ಚಿಸುವಂತಿಲ್ಲ. 6.5 ದಾಟಿದರೆ ಸಕ್ಕರೆ ಕಾಯಿಲೆ, ಅಮ್ಮನದು 8.4 ಇತ್ತು. ವೈದ್ಯರು ಏನೇನು ತಿನ್ನುತ್ತೀರೆಂದು ಕೇಳಿದರು. ಬೆಳಿಗ್ಗೆ ತಿಂಡಿ, ಎರಡು ಹೊತ್ತು ಊಟ, ಬೇಕರಿಯದು ಮುಟ್ಟುವುದಿಲ್ಲ, ಕಾಫಿಗೆ ಅರ್ಧ ಚಮಚ ಸಕ್ಕರೆ ಎಂದಳು. ಸುಳ್ಳಲ್ಲ. ಆಟೋದಲ್ಲಿ ಮನೆಗೆ ಬರುವಾಗ ಮಾತ್ರ, ಹೊರಗೆ ನೋಡುತ್ತ, "ಉಳಿದದ್ದನ್ನೂ ಊಟ ಅಂತ ಹೇಳಬೇಕಾಗಿತ್ತೇನೋ?" ಎಂದಳು.

ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂದು ಗಾದೆ ಹೇಳುತ್ತದೆ. (ಗದ್ದೆಯಲ್ಲಿ ದುಡಿಯುವವನು ಮೂರು ಹೊತ್ತು ಉಂಡೂ ಗಟ್ಟಿಯಾಗಿರುತ್ತಾನೆ, ಈ ಗಾದೆ ಮಠದಲ್ಲಿ ಹುಟ್ಟಿದ್ದಿರಬೇಕು.) ಎಲ್ಲರ ಊಟವಾದ ಮೇಲೆ, ಪಾತ್ರೆ ತೊಳೆಯುವ ಮುನ್ನ, ನಿಂತುಕೊಂಡೇ ಆಗುವ ನಾಲ್ಕನೆಯ ಊಟಕ್ಕೆ ಗಾದೆಯಲ್ಲಿ ಹೆಸರಿಲ್ಲ. ಅನ್ನದ ಪಾತ್ರೆಯ ತಳ, ಮೊಮ್ಮಗಳು ಬಿಟ್ಟೆದ್ದ ಅರ್ಧ ದೋಸೆ, ಯಾವುದೋ ಸಭೆಯಲ್ಲಿ ಇಡ್ಲಿ ವಡೆ ಮುಗಿಸಿ ಬಂದ ಮಗ "ನನಗೆ ಹಸಿವಿಲ್ಲ" ಎಂದಾಗ ಉಳಿದ ಒಬ್ಬಾಳಿನ ಅನ್ನ. ಈ ಊಟಕ್ಕೆ ಪಲ್ಯವಿಲ್ಲ, ಸಾರು ಇದ್ದರೆ ಉಂಟು. ಇದನ್ನು ಅವಳು ಹಸಿವಿನಿಂದ ಉಣ್ಣಲಿಲ್ಲ, ಆಸೆಯಿಂದ ಉಣ್ಣಲಿಲ್ಲ, ಧರ್ಮಕ್ಕೆಂದು ಉಂಡಳು.

ಹಾಗಾದರೆ ಪ್ರಶ್ನೆ ಇದು: ಅನ್ನವನ್ನು ಚೆಲ್ಲುವುದು ಪಾಪವೋ, ಬೇಡದ ಅನ್ನವನ್ನು ದೇಹಕ್ಕೆ ತುಂಬುವುದು ಪಾಪವೋ?

ನಮ್ಮ ಹಿರಿಯರು ಎರಡನ್ನೂ ಹೇಳಿದ್ದಾರೆ. ಅನ್ನವನ್ನು ನಿಂದಿಸಬೇಡ, ತಳ್ಳಿಹಾಕಬೇಡ, ಹೆಚ್ಚಾಗಿ ಮಾಡು, ಬಂದವನನ್ನು ಹಿಂದಕ್ಕೆ ಕಳಿಸಬೇಡ ಎಂಬ ಅರ್ಥದ ವ್ರತಗಳು ತೈತ್ತಿರೀಯದ ಭೃಗುವಲ್ಲಿಯಲ್ಲಿವೆ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗ ದಕ್ಕದೆಂದು ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡನ್ನು ಅನ್ನಕ್ಕೆ, ಒಂದನ್ನು ನೀರಿಗೆ ಕೊಟ್ಟು ನಾಲ್ಕನೆಯದನ್ನು ಖಾಲಿ ಬಿಡಬೇಕೆಂದು ವಾಗ್ಭಟನ ಲೆಕ್ಕ. ಸುಖವಾಗಿ ಕೂತಿರುವುದು, ಸುಖವಾಗಿ ಮಲಗಿರುವುದು, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸು ಇವುಗಳನ್ನು ಚರಕಸಂಹಿತೆ ಪ್ರಮೇಹದ ಕಾರಣಗಳ ಪಟ್ಟಿಯಲ್ಲಿ ಸೇರಿಸಿದೆ. ಕೂತಿರುವುದನ್ನು ಪಟ್ಟಿಯ ಮೊದಲಲ್ಲೇ ಇಟ್ಟಿರುವುದನ್ನು ನೋಡಿದಾಗ ಕುರ್ಚಿಯ ಮೇಲೆ ಜೀವನ ಕಳೆಯುವ ನನ್ನಂಥವನಿಗೆ ಸ್ವಲ್ಪ ಮುಜುಗರವಾಗುತ್ತದೆ. ಅಂತೂ ಚೆಲ್ಲಬಾರದೆಂಬ ವಿಧಿ, ಹೆಚ್ಚು ಉಣ್ಣಬಾರದೆಂಬ ವಿಧಿ, ಎರಡೂ ಒಂದೇ ಸಂಪ್ರದಾಯದವು. ಅಂದು ಜಗಳವಾಡದೆ ಇದ್ದ ಇವೆರಡು ಇಂದು ನಮ್ಮ ಅಡುಗೆಮನೆಯಲ್ಲಿ ಏಕೆ ಜಗಳಕ್ಕೆ ನಿಂತಿವೆ?

ಅಜ್ಜಿಯ ಹಳ್ಳಿಮನೆಯನ್ನು ನೆನೆದಾಗ ನನಗೆ ಉತ್ತರದ ಒಂದು ತುದಿ ಸಿಕ್ಕಿತು. ಅಲ್ಲಿ ಉಳಿದದ್ದಕ್ಕೆ ಒಂದು ದಾರಿಯಿತ್ತು. ರಾತ್ರಿ ಮಿಕ್ಕ ಮುದ್ದೆ ಬೆಳಿಗ್ಗೆ ಮಜ್ಜಿಗೆ ಸೇರಿ ಅಂಬಲಿಯಾಗುತ್ತಿತ್ತು. ಅದನ್ನು ಮನೆಯವರೆಲ್ಲ ಕುಡಿಯುತ್ತಿದ್ದರು. ಅಕ್ಕಿ ತೊಳೆದ ನೀರು, ತಳದ ಅನ್ನ, ತರಕಾರಿಯ ಸಿಪ್ಪೆ ಕಲಗಚ್ಚಿನ ಬಾನಿಗೆ ಬಿದ್ದು ಹಸುವಿಗೆ ಹೋಗುತ್ತಿದ್ದವು. ಬಾಗಿಲಲ್ಲಿ ನಾಯಿ ಕಾದಿರುತ್ತಿತ್ತು. ಉಂಡ ಎಲೆ ತಿಪ್ಪೆಗೆ ಬಿದ್ದು ಗೊಬ್ಬರವಾಗಿ ಗದ್ದೆಗೆ ಮರಳುತ್ತಿತ್ತು. ಅಲ್ಲಿ "ಚೆಲ್ಲುವುದು" ಎಂಬುದೇ ಇರಲಿಲ್ಲವೆಂದರೂ ಸಲ್ಲುತ್ತದೆ. ಇದ್ದದ್ದು ಕೈ ಬದಲಾಯಿಸುವುದು. ಅನ್ನವನ್ನು ಗೌರವಿಸುವುದಕ್ಕೆ ಯಾರೂ ಹೊಟ್ಟೆ ಬಿರಿಯ ಉಣ್ಣಬೇಕಾಗಿರಲಿಲ್ಲ.

ಕನಕದಾಸರ ರಾಮಧಾನ್ಯಚರಿತೆಯನ್ನು ನಾನು ತರಗತಿಯಲ್ಲಿ ಪಾಠ ಹೇಳಿದ್ದೇನೆ. ನೆಲ್ಲಿಗೂ ರಾಗಿಗೂ ಯಾರು ಹೆಚ್ಚೆಂದು ವಾದ ಹತ್ತಿದಾಗ ರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ನೆಲ್ಲು ಕಂದಿಹೋಗುತ್ತದೆ, ರಾಗಿ ಹಾಗೆಯೇ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕವೂ ರಾಗಿಯ ಪಕ್ಷವನ್ನೇ ಹಿಡಿದಿದೆ. ನೂರು ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಗಿರಣಿಯ ಬಿಳಿ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಸುಣ್ಣಾಂಶ ರಾಗಿಯಲ್ಲಿ 360 ಮಿಲಿಗ್ರಾಂಗೂ ಮೇಲೆ, ಅಕ್ಕಿಯಲ್ಲಿ ಹತ್ತೂ ಇಲ್ಲ. ಆದರೆ ರಾಗಿಯಲ್ಲಿಯೂ ಪಿಷ್ಟವಿದೆ. ಎರಡು ಮುದ್ದೆಯ ಮೇಲೆ ಅಕ್ಕಿಯನ್ನು ಅವಮಾನಿಸಬಾರದೆಂದು ಅನ್ನವನ್ನೂ ಉಂಡರೆ ರಾಮನ ತೀರ್ಪಿನಿಂದ ಪ್ರಯೋಜನವಿಲ್ಲ.

ನಾವೀಗ ಇರುವುದು ಮೈಸೂರಿನ ಒಂದು ಬಡಾವಣೆಯಲ್ಲಿ, ಎರಡನೆಯ ಮಹಡಿಯಲ್ಲಿ. ಹಸುವಿಲ್ಲ, ಬಾನಿಯಿಲ್ಲ, ತಿಪ್ಪೆಯಿಲ್ಲ. ಬೆಳಿಗ್ಗೆ ನಗರಪಾಲಿಕೆಯ ಗಾಡಿ ಬರುತ್ತದೆ. ಹಸಿ ಕಸದ ಬಕೆಟ್ಟಿಗೆ ಅನ್ನವನ್ನು ಸುರಿಯಲು ಅಮ್ಮನಿಗೆ ಕೈ ಬರುವುದಿಲ್ಲ. ದಾರಿ ಕಡಿದುಹೋಯಿತು, ವಿಧಿ ಮಾತ್ರ ಉಳಿಯಿತು. ಉಳಿದದ್ದು ಎಲ್ಲಿಗಾದರೂ ಹೋಗಲೇಬೇಕಷ್ಟೆ? ಅಮ್ಮ ಬಾನಿಯಾದಳು. ಈ ವಾಕ್ಯವನ್ನು ಎರಡು ಬಾರಿ ಬರೆದು ಹೊಡೆದುಹಾಕಿದ್ದೆ. ನಿಜವಾದ್ದರಿಂದ ಮತ್ತೆ ಬರೆದಿದ್ದೇನೆ.

ಇದು ನಮ್ಮೊಬ್ಬರ ಮನೆಯ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ ಸುಮಾರು 10 ಕೋಟಿ ಜನ ಸಕ್ಕರೆ ಕಾಯಿಲೆಯವರೆಂದೂ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಹೇಳಿತು. 2024ರ ಆಹಾರ ಮಾರ್ಗಸೂಚಿಯಂತೆ ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ನೂರಕ್ಕೆ 45ನ್ನು ಮೀರಬಾರದು. ತಟ್ಟೆಯ ಅರ್ಧದಷ್ಟು ತರಕಾರಿ ಹಣ್ಣುಗಳೇ ಇರಬೇಕು. ನಮ್ಮ ತಟ್ಟೆಗಳಲ್ಲಿ ಪಲ್ಯ ಇರುವುದು ಉಪ್ಪಿನಕಾಯಿಯ ನೆರೆಯಲ್ಲಿ, ಅಂಚಿನಲ್ಲಿ.

ಈ ಅಂಕಿಗಳನ್ನು ಓದಿಕೊಂಡು ನಾನು ಮಾಡಿದ ಮೊದಲ ಕೆಲಸ ಅಮ್ಮನಿಗೆ ಉಪನ್ಯಾಸ ಕೊಟ್ಟದ್ದು. ವೃತ್ತಿದೋಷ. ಅವಳು ಪೂರ್ತಿ ಕೇಳಿ, "ಸರಿ, ಚೆಲ್ತೀನಿ" ಎಂದಳು. ಚೆಲ್ಲಲಿಲ್ಲ.

ತತ್ತ್ವಶಾಸ್ತ್ರ ಬೋಧಿಸುವ ನನ್ನ ಮಿತ್ರರೊಬ್ಬರು ಇದರಲ್ಲಿ ಸಮಸ್ಯೆಯೇ ಇಲ್ಲವೆನ್ನುತ್ತಾರೆ. ಬೇಡದೆ ಉಂಡ ಅನ್ನವೂ ಚೆಲ್ಲಿದ ಅನ್ನವೇ. ಬಕೆಟ್ಟಿಗೆ ಚೆಲ್ಲಿದರೆ ಕೆಡುಕು ಒಂದು, ದೇಹದೊಳಗೆ ಚೆಲ್ಲಿದರೆ ಎರಡು. ನೀನು ಉಂಡು ಮುಗಿಸಿದ್ದರಿಂದ ಹಸಿದವನ ಹೊಟ್ಟೆಯೇನೂ ತುಂಬುವುದಿಲ್ಲ. ಆದ್ದರಿಂದ ನಿರ್ಭಯವಾಗಿ ಚೆಲ್ಲು ಎಂದು ಅವರ ವಾದ. ತರ್ಕದಲ್ಲಿ ದೋಷ ಹುಡುಕಲಾರೆ. ಆದರೆ ನಿರ್ಭಯವಾಗಿ ಚೆಲ್ಲುವವರನ್ನು ನಾನು ಕಲ್ಯಾಣಮಂಟಪಗಳಲ್ಲಿ ನೋಡಿದ್ದೇನೆ. ಮುರಿದ ಹೋಳಿಗೆ, ಮುಟ್ಟದ ಪಲಾವು, ತುದಿ ಮಾತ್ರ ಕಚ್ಚಿದ ಬಜ್ಜಿ, ಎಲ್ಲವನ್ನೂ ಎಲೆಯೊಡನೆ ಮಡಿಚಿ ಎದ್ದುಹೋಗುತ್ತಾರೆ. ಅಜ್ಜಿಯ ಭಯ ಹೋದ ಜಾಗದಲ್ಲಿ ವಿವೇಕ ಬಂದು ಕೂತಂತೆ ಕಾಣುವುದಿಲ್ಲ. ಅಲ್ಲಿ ಬಡಿಸುವವರ ತಪ್ಪೂ ಇದೆ. ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಲ್ಲೇ "ನಮ್ಮಾಣೆ, ಇನ್ನೊಂದು" ಎಂದು ಹೋಳಿಗೆ ಇಳಿಸುವುದು ನಮ್ಮಲ್ಲಿ ಉಪಚಾರ. ಆಣೆಯಿಟ್ಟವನು ಮುಂದಿನ ಎಲೆಗೆ ಹೋಗುತ್ತಾನೆ. ಚೆಲ್ಲುವ ಪಾಪವೋ ಉಣ್ಣುವ ಪಾಪವೋ, ಯಾವುದು ಬೇಕೆಂದು ಆರಿಸಿಕೊಳ್ಳುವ ಭಾರ ಉಣ್ಣುವವನ ಮೇಲೆ ಬೀಳುತ್ತದೆ.

ಇದನ್ನು ಯೋಚಿಸುತ್ತಿದ್ದಾಗಲೇ ನನಗೆ ನನ್ನ ತಪ್ಪು ಹೊಳೆದದ್ದು. ಉಳಿದ ಅನ್ನದ ಮುಂದೆ ನಿಂತವಳಿಗೆ ಒಳ್ಳೆಯ ಆಯ್ಕೆಯೇ ಇಲ್ಲ. ಏನು ಮಾಡಿದರೂ ಒಂದು ಕೆಡುಕು. ಆಯ್ಕೆ ಇದ್ದದ್ದು ಅದಕ್ಕೂ ಮೊದಲು, ಅಕ್ಕಿ ಅಳೆಯುವಾಗ. ಆ ಹೊತ್ತಿಗೆ ಅವಳಿಗೆ ಬೇಕಾದ ಸುದ್ದಿ ನನ್ನ ಬಳಿ ಇತ್ತು. ಸಭೆಯಲ್ಲಿ ತಿಂಡಿಯಿದೆಯೆಂದು ನನಗೆ ಗೊತ್ತು, ಜೇಬಿನಲ್ಲಿ ಫೋನಿದೆ, ಹೇಳಲಿಲ್ಲ. ಹೇಳದಿರುವುದು ಒಂದು ತಪ್ಪೆಂದು ಇಪ್ಪತ್ತು ವರ್ಷ ನನಗೆ ತೋಚಿಯೇ ಇರಲಿಲ್ಲ. ನನ್ನ ಅಲಕ್ಷ್ಯದ ಲೆಕ್ಕವನ್ನು ಅಮ್ಮನ ರಕ್ತದ ಕಣಗಳು ಬರೆದುಕೊಂಡವು.

ಈಗ ಸಂಜೆ ಐದಕ್ಕೆ ಫೋನು ಮಾಡುತ್ತೇನೆ. ಒಂದೂವರೆ ಪಾವು ಅಕ್ಕಿ ಬೇಯುತ್ತಿದ್ದ ಕಡೆ ಒಂದು ಪಾವು ಬೇಯುತ್ತದೆ. ಹುರುಳಿಕಾಯಿಯೋ ಸೊಪ್ಪೋ ಮೊದಲು ತಟ್ಟೆಗೆ ಬಂದು ಅನ್ನ ಆಮೇಲೆ ಬರುತ್ತದೆ. ಅಮ್ಮ ನಮ್ಮ ಜೊತೆಯಲ್ಲಿಯೇ ಕೂತು ಉಣ್ಣುತ್ತಾಳೆ. ಇದಕ್ಕೆ ಒಪ್ಪಿಸುವುದು ಔಷಧಿಗೆ ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ಉಂಡ ಮೇಲೆ ಎಲ್ಲರೂ ಸ್ವಲ್ಪ ದೂರ ನಡೆಯುತ್ತೇವೆ. ಉಳಿದದ್ದೇನಾದರೂ ಇದ್ದರೆ ಅದು ಮರುದಿನ ಯಾರದಾದರೂ ತಿಂಡಿ, ಯಾರದೂ ನಾಲ್ಕನೆಯ ಊಟವಲ್ಲ.

ಅಮ್ಮನ ಆಕ್ಷೇಪಣೆಯನ್ನು ಮರೆಮಾಡಿದರೆ ಅನ್ಯಾಯವಾಗುತ್ತದೆ. "ಅಳೆದೂ ಅಳೆದೂ ಮಾಡಿದ್ರೆ, ಹೊತ್ತಲ್ಲದ ಹೊತ್ತಲ್ಲಿ ಯಾರಾದ್ರೂ ಬಂದ್ರೆ ಏನ್ಮಾಡ್ತೀಯಪ್ಪ?" ಎಂದು ಕೇಳಿದಳು. ಭೃಗುವಲ್ಲಿಯ ಪ್ರಶ್ನೆಯೇ ಇದು. ಹೆಚ್ಚಾಗಿ ಬೇಯಿಸಿದ ಆ ಅರ್ಧ ಪಾವು ಯಾರೋ ಬರಬಹುದೆಂಬ ನಂಬಿಕೆಯಿಂದ ಬೇಯುತ್ತಿದ್ದದ್ದು. ಅದನ್ನು ಕಡಿಮೆ ಮಾಡಿದಾಗ ನಾವು ಬಾಗಿಲನ್ನು ಒಂದಂಗುಲ ಮುಂದಕ್ಕೆ ದೂಡಿದ್ದೇವೆಂಬುದು ಸುಳ್ಳಲ್ಲ. ಬಂದವರಿಗೆ ಅವಲಕ್ಕಿಯಿದೆ, ಹದಿನೈದು ನಿಮಿಷದಲ್ಲಿ ಕುಕ್ಕರಿನಲ್ಲಿ ಅನ್ನವಾಗುತ್ತದೆ ಎಂದೆ. ಅವಳಿಗೆ ಅದು ಸಮಾಧಾನವಾಗಲಿಲ್ಲ. ನನಗೂ ಪೂರ್ತಿ ಆಗಿಲ್ಲ.

ಈಚಿನ ಪರೀಕ್ಷೆಯಲ್ಲಿ 7.1 ಬಂದಿದೆ. ಕಳೆದ ತಿಂಗಳು ಒಂದು ರಾತ್ರಿ ಊರಿನಿಂದ ಚಿಕ್ಕಪ್ಪನ ಮಗ ಹೇಳದೆ ಬಂದಿಳಿದ. ಅಮ್ಮನಿಗೆ ಹಬ್ಬವಾಯಿತು. ಬೇಡವೆಂದರೂ ಕೇಳದೆ ಒಂದು ಪಾವು ಅಕ್ಕಿ ಹೊಸದಾಗಿ ಇಟ್ಟಳು. ಅವನು ಉಂಡು ಎದ್ದ ಮೇಲೆ ಒಂದು ಬಟ್ಟಲು ಅನ್ನ ಉಳಿಯಿತು. ಅದನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ದೀಪದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ತಂದು ನನ್ನ ಮುಂದಿಟ್ಟು, "ಇವತ್ತು ನಿನ್ನ ಸರದಿ" ಎಂದಳು. ನಾನು ಅದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಬಿಸಿ ಮಾಡಿ, ಮಜ್ಜಿಗೆ ಹಾಕಿ, ಈರುಳ್ಳಿ ಹೆಚ್ಚಿಕೊಂಡು, ದೋಸೆಗೆ ಬದಲಾಗಿ ಅದನ್ನೇ ತಿಂದು ಕಾಲೇಜಿಗೆ ಹೋದೆ.